ಊರಲ್ಲಿ ವಾಂತಿ-ಭೇದಿ ಏರಿದಾಗ ಮೂಲ ಪತ್ತೆ ಹಚ್ಚುವುದು: ದೋಷ ನಿವಾರಣೆ ಕೈಪಿಡಿ

ಊರಲ್ಲಿ ವಾಂತಿ-ಭೇದಿ ಶುರುವಾಯಿತೆಂಬ ಸುದ್ದಿ ಬಂದ ಕೂಡಲೇ ಏನೇನು ನಡೆಯುತ್ತದೆ ಎಂಬುದು ಆರೋಗ್ಯ ಇಲಾಖೆಯವರಿಗೆ ಬಾಯಿಪಾಠ. ಶಾಲೆಯಲ್ಲೋ ಸಮುದಾಯ ಭವನದಲ್ಲೋ ತಾತ್ಕಾಲಿಕ ಚಿಕಿತ್ಸಾ ಕೇಂದ್ರ ತೆರೆಯುತ್ತದೆ, ಆಶಾ ಕಾರ್ಯಕರ್ತೆಯರು ಮನೆಮನೆಗೆ ಓಆರ್‌ಎಸ್ ಹಂಚುತ್ತಾರೆ, ಪಂಚಾಯಿತಿಯವರು ಚರಂಡಿಯ ಗುಂಟ ಬ್ಲೀಚಿಂಗ್ ಪೌಡರ್ ಎರಚುತ್ತಾರೆ, ಟ್ಯಾಂಕರ್ ಬರುತ್ತದೆ. ಜೀವ ಉಳಿಸುವ ಕೆಲಸ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಲ್ಮಶ ಯಾವ ಜಾಗದಲ್ಲಿ, ಯಾವ ಹೊತ್ತಿನಲ್ಲಿ ಒಳಸೇರಿತು ಎಂಬುದು ಸಿಗದೆ ಹೋದರೆ ಎರಡು ವಾರದಲ್ಲಿ ಎಲ್ಲ ತಣ್ಣಗಾಗುತ್ತದೆ, ಮುಂದಿನ ಮಳೆಗೆ ಅದೇ ಓಣಿಯ ಜನ ಮತ್ತೆ ಮಲಗುತ್ತಾರೆ. ಚರಂಡಿಗೆ ಎರಚಿದ ಪೌಡರಿನಿಂದ ನಲ್ಲಿಯ ನೀರು ಶುದ್ಧವಾಗುವುದಿಲ್ಲ. ಅದೇ ಪೌಡರ್ ಅಳತೆಯಂತೆ ಟ್ಯಾಂಕಿಗೆ ಬಿದ್ದಿದ್ದರೆ ಕೆಲಸಕ್ಕೆ ಬರುತ್ತಿತ್ತು.

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಆರೋಗ್ಯ ನಿರೀಕ್ಷಣಾಧಿಕಾರಿಗಳು, ಪಿಡಿಒ, ನೀರುಗಂಟಿ, ಹಾಸ್ಟೆಲ್ ವಾರ್ಡನ್ ಇವರೆಲ್ಲರ ಬಳಕೆಗೆ ಈ ಬರಹ. ಕಣ್ಣಿಗೆ ಕಂಡ ಲಕ್ಷಣದಿಂದ ಶುರುಮಾಡಿ ಕಾರಣಕ್ಕೆ ಹೋಗುವ ಕ್ರಮದಲ್ಲಿದೆ. ಎಲ್ಲಕ್ಕೂ ಆಧಾರ ಒಂದೇ ಮಾಹಿತಿ: ಪ್ರತಿ ರೋಗಿಗೂ ರೋಗ ಶುರುವಾದ ದಿನ ಮತ್ತು ಗಂಟೆ. ಅದಿಲ್ಲದೆ ಮಾಡಿದ ತನಿಖೆ ಊಹೆಯಾಗಿಯೇ ಉಳಿಯುತ್ತದೆ.

ಮೊದಲ ಎರಡು ಗಂಟೆಯ ಕೆಲಸ

ಹೊರಡುವ ಮುಂಚೆ ಚೀಲದಲ್ಲಿ ಇವು ಇರಲಿ: ಕ್ಯಾರಿ-ಬ್ಲೇರ್ ಮಾಧ್ಯಮದ (ಲ್ಯಾಬ್ ತಲುಪುವವರೆಗೆ ಮಲದ ರೋಗಾಣುವನ್ನು ಜೀವಂತ ಇಡುವ ಮಾಧ್ಯಮ) ಟ್ಯೂಬುಗಳು ಹತ್ತು-ಹನ್ನೆರಡು, ಸ್ಟೆರೈಲ್ ಸ್ವ್ಯಾಬ್, ಮಲದ ಮಾದರಿಗೆ ಬಾಯಿ ಅಗಲದ ಡಬ್ಬಿ, ನೀರಿನ ಮಾದರಿಗೆ ಸೋಡಿಯಂ ಥಯೋಸಲ್ಫೇಟ್ (ಕ್ಲೋರಿನ್ ಬಲ ಅಳಿಸುವ ಲವಣ) ಹಾಕಿದ ಸ್ಟೆರೈಲ್ ಬಾಟಲಿ, ನೀರಿನ ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪ್, ಐಸ್‌ಪ್ಯಾಕ್ ಇಟ್ಟ ವ್ಯಾಕ್ಸಿನ್ ಕ್ಯಾರಿಯರ್, ಕೈಗವಸು, ನೀರಿಗೆ ಅಳಿಸದ ಮಾರ್ಕರ್ ಪೆನ್ನು, ಲೇಬಲ್, ಖಾಲಿ ಹಾಳೆ. ವ್ಯಾಕ್ಸಿನ್ ಕ್ಯಾರಿಯರ್ ಎಂದು ಲಸಿಕೆ ಸಾಗಿಸುವುದನ್ನೇ ತರಬೇಡಿ, ಮಾದರಿಗೆಂದೇ ಬೇರೆ ಒಂದನ್ನು ಗುರುತು ಹಾಕಿ ಇಡಿ.

ಚಿಕಿತ್ಸಾ ಕೇಂದ್ರದಲ್ಲಿ ಒಬ್ಬರು ರೋಗಿಗಳ ಪಟ್ಟಿ ಬರೆಯಲು ಕೂರಬೇಕು, ಅವರಿಗೆ ಬೇರೆ ಕೆಲಸ ಹೇಳಬಾರದು. ಹೆಸರು, ವಯಸ್ಸು, ಲಿಂಗ, ಓಣಿ, ಮನೆಯ ಗುರುತು, ರೋಗ ಶುರುವಾದ ದಿನ-ಗಂಟೆ, ಮೊದಲು ಬಂದದ್ದು ವಾಂತಿಯೋ ಭೇದಿಯೋ, ಜ್ವರ ಇದೆಯೇ, ಮಲದಲ್ಲಿ ರಕ್ತವೇ, ಅಕ್ಕಿ ತೊಳೆದ ನೀರಿನಂತೆಯೇ, ಕುಡಿಯುವ ನೀರು ಯಾವ ನಲ್ಲಿ, ಬೋರ್‌ವೆಲ್ ಅಥವಾ ಶುದ್ಧ ನೀರಿನ ಘಟಕದ್ದು, ಹಿಂದಿನ ಮೂರು ದಿನದಲ್ಲಿ ಮನೆಯಾಚೆ ಉಂಡದ್ದು ಎಲ್ಲಿ, ಆ್ಯಂಟಿಬಯಾಟಿಕ್ ನುಂಗಿದ್ದಾರೆಯೇ. ‘ನಿನ್ನೆ ರಾತ್ರಿ’ ಎಂದರೆ ಅಲ್ಲಿಗೇ ಬಿಡಬೇಡಿ. ಧಾರಾವಾಹಿ ಮುಗಿದ ಮೇಲೋ, ನಲ್ಲಿ ಬಿಡುವುದಕ್ಕೆ ಮುಂಚೆಯೋ ಎಂದು ಕೇಳಿದರೆ ಜನ ಸರಿಯಾದ ಹೊತ್ತು ಹೇಳುತ್ತಾರೆ.

ಪಟ್ಟಿಗೆ ಯಾರನ್ನು ಸೇರಿಸಬೇಕೆಂಬ ವ್ಯಾಖ್ಯೆಯನ್ನು ಮೊದಲೇ ಬರೆದಿಡಿ. ಉದಾಹರಣೆಗೆ, ಇಂತಹ ದಿನದಿಂದೀಚೆಗೆ ಈ ಊರಿನಲ್ಲಿದ್ದು, 24 ಗಂಟೆಯಲ್ಲಿ ಮೂರು ಅಥವಾ ಹೆಚ್ಚು ಸಲ ನೀರಾದ ಭೇದಿ ಆದವರು. ವ್ಯಾಖ್ಯೆ ಇಲ್ಲದಿದ್ದರೆ ಭಯಕ್ಕೆ ಬಂದವರು, ಹೊಟ್ಟೆ ಉಬ್ಬರದವರು ಎಲ್ಲ ಸೇರಿಕೊಂಡು ಚಿತ್ರ ಕಲಸಿಹೋಗುತ್ತದೆ. ಚಿಕಿತ್ಸೆ ಎಲ್ಲರಿಗೂ ಕೊಡಿ, ಪಟ್ಟಿಗೆ ವ್ಯಾಖ್ಯೆಗೆ ಹೊಂದುವವರನ್ನು ಮಾತ್ರ ಹಾಕಿ.

ಮಾದರಿಯನ್ನು ಆ್ಯಂಟಿಬಯಾಟಿಕ್‌ನ ಮೊದಲ ಡೋಸ್‌ಗೆ ಮುಂಚೆ ತೆಗೆಯಬೇಕು. ಐದರಿಂದ ಹತ್ತು ರೋಗಿಗಳು ಸಾಕು, ಆದರೆ ಅವರು ಬೇರೆ ಬೇರೆ ಮನೆಯವರಾಗಿರಲಿ, ಹೊಸದಾಗಿ ಬಂದವರಾಗಿರಲಿ. ಓಆರ್‌ಎಸ್ ಆಗಲಿ ಸಲೈನ್ ಆಗಲಿ ಮಾದರಿಗೆ ಅಡ್ಡಿಯಿಲ್ಲ, ಅವನ್ನು ಒಂದು ನಿಮಿಷವೂ ತಡಮಾಡಬೇಡಿ.

ಲಕ್ಷಣ: ರೋಗಿಗಳಿದ್ದಾರೆ, ವರದಿಯಲ್ಲಿ ಇಲ್ಲ

ದೇಶದ ಸಮಗ್ರ ರೋಗ ಕಣ್ಗಾವಲು ಯೋಜನೆ, ಅಂದರೆ ಐಡಿಎಸ್‌ಪಿ, ಶುರುವಾದದ್ದು 2004ರಲ್ಲಿ. ಈಗ ಅದರ ವರದಿ ಸಮಗ್ರ ಆರೋಗ್ಯ ಮಾಹಿತಿ ವೇದಿಕೆ, ಅಂದರೆ ಐಎಚ್‌ಐಪಿ ಪೋರ್ಟಲ್‌ನಲ್ಲಿ ನಡೆಯುತ್ತದೆ. ಕರ್ನಾಟಕ ಅದನ್ನು 2018ರಲ್ಲಿ ಮೊದಲು ಪ್ರಯೋಗಿಸಿದ ರಾಜ್ಯಗಳಲ್ಲಿ ಒಂದು. ಉಪಕೇಂದ್ರದಿಂದ ಎಸ್ ನಮೂನೆ, ವೈದ್ಯರಿಂದ ಪಿ ನಮೂನೆ, ಪ್ರಯೋಗಾಲಯದಿಂದ ಎಲ್ ನಮೂನೆ. ಮೂರೂ ಒಂದೇ ರೋಗವನ್ನು ಮೂರು ಕಡೆಯಿಂದ ನೋಡುತ್ತವೆ, ಹಾಗಾಗಿ ಒಂದರಲ್ಲಿ ಏರಿ ಇನ್ನೊಂದರಲ್ಲಿ ಏರದಿದ್ದರೆ ಸುಳಿವು ಅಲ್ಲೇ ಇದೆ.

ಎಸ್‌ನಲ್ಲಿ ಏರಿಕೆ ಇದ್ದು ಪಿಯಲ್ಲಿ ಇಲ್ಲವೆಂದರೆ ಜನ ಸರ್ಕಾರಿ ಆಸ್ಪತ್ರೆಗೆ ಬರುತ್ತಿಲ್ಲ, ಖಾಸಗಿ ಕ್ಲಿನಿಕ್ಕಿಗೆ ಹೋಗುತ್ತಿದ್ದಾರೆ ಎಂದು ತಿಳಿಯಿರಿ. ಪಿಯಲ್ಲಿ ಇದ್ದು ಎಸ್‌ನಲ್ಲಿ ಇಲ್ಲವೆಂದರೆ ಆ ಉಪಕೇಂದ್ರದ ಹುದ್ದೆ ಖಾಲಿ ಇದೆಯೇ, ಮನೆ ಭೇಟಿ ನಿಂತಿದೆಯೇ ನೋಡಿ. ಎರಡರಲ್ಲೂ ಇದ್ದು ಎಲ್ ಖಾಲಿ ಇದ್ದರೆ ಮಾದರಿ ಹೋಗಿಲ್ಲ.

ಶೂನ್ಯ ಮತ್ತು ಖಾಲಿ ಇವೆರಡರ ವ್ಯತ್ಯಾಸವನ್ನು ಪ್ರತಿ ವಾರ ನೋಡಬೇಕು. ಶೂನ್ಯ ಎಂದರೆ ಹುಡುಕಿದೆವು, ಯಾರೂ ಸಿಗಲಿಲ್ಲ. ಖಾಲಿ ಎಂದರೆ ಯಾರೂ ಹುಡುಕಿಲ್ಲ. ತಾಲ್ಲೂಕಿನ ಒಟ್ಟು ಅಂಕಿ ತಗ್ಗಿತೆಂದು ಸಮಾಧಾನಪಡುವ ಮುಂಚೆ ಎಷ್ಟು ಕೇಂದ್ರಗಳು ವರದಿ ಕಳಿಸಿವೆ ಎಂದು ಎಣಿಸಿ. ವರದಿ ಮಾಡುವ ಕೇಂದ್ರಗಳು ಅರ್ಧಕ್ಕೆ ಇಳಿದರೆ ರೋಗವೂ ಅರ್ಧವಾದಂತೆ ಕಾಣುತ್ತದೆ.

ಗಡಿಯ ತಾಲ್ಲೂಕುಗಳಲ್ಲಿ ಇನ್ನೊಂದು ತೊಡಕು. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನವರು ಸೊಲ್ಲಾಪುರಕ್ಕೆ, ಚಿಕ್ಕೋಡಿ-ಅಥಣಿಯ ಕಡೆಯವರು ಮಿರಜಕ್ಕೆ ಚಿಕಿತ್ಸೆಗೆ ಹೋಗುತ್ತಾರೆ. ಕಾಸರಗೋಡಿನವರು ಮಂಗಳೂರಿಗೆ ಬರುತ್ತಾರೆ. ಆಸ್ಪತ್ರೆ ಇರುವ ಊರಿನ ಲೆಕ್ಕಕ್ಕೆ ರೋಗಿ ಸೇರಿಹೋದರೆ ಮೂಲದ ಊರಿನಲ್ಲಿ ಗಂಟೆ ಬಾರಿಸುವುದಿಲ್ಲ. ನಮೂದಿಸುವಾಗ ಆಸ್ಪತ್ರೆಯ ವಿಳಾಸದ ಬದಲು ರೋಗಿ ಹಿಂದಿನ ವಾರ ಮಲಗಿದ ಮನೆಯ ವಿಳಾಸ ಕೇಳಿ. ಕಟ್ಟಡ ಕೆಲಸಕ್ಕೆ ಬಂದವರು, ಕಬ್ಬು ಕಡಿಯುವ ತಂಡದವರು ಆಧಾರ್ ಕಾರ್ಡಿನ ವಿಳಾಸ ಕೊಡುತ್ತಾರೆ, ಅದು ಇನ್ನೂರು ಕಿಲೋಮೀಟರ್ ಆಚೆಯದು ಇರಬಹುದು.

ವರದಿಗೆ ಕಾಯದೆ ಸುಳಿವು ಕೊಡುವ ಜಾಗವೂ ಇದೆ: ಮೆಡಿಕಲ್ ಶಾಪ್. ಓಆರ್‌ಎಸ್ ಪೊಟ್ಟಣ ಮತ್ತು ಭೇದಿ ನಿಲ್ಲಿಸುವ ಮಾತ್ರೆ ಎಂದಿಗಿಂತ ಬೇಗ ಖರ್ಚಾದರೆ ತಿಳಿಸಿ ಎಂದು ಊರಿನ ಎರಡು ಅಂಗಡಿಯವರಿಗೆ ಹೇಳಿಟ್ಟರೆ ಪೋರ್ಟಲ್‌ಗಿಂತ ಮುಂಚೆ ಸುದ್ದಿ ಬರುತ್ತದೆ. ಶಾಲೆಯ ಹಾಜರಿ ಪುಸ್ತಕವೂ ಹಾಗೆಯೇ.

ಐದು ವರ್ಷ ದಾಟಿದ ಒಬ್ಬರೇ ಒಬ್ಬರಿಗೆ ಭೇದಿಯಿಂದ ತೀವ್ರ ನಿರ್ಜಲೀಕರಣವಾದರೂ, ಕಾಲರಾ ಒಂದೇ ಪ್ರಕರಣ ದೃಢಪಟ್ಟರೂ ಅದು ಎಚ್ಚರಿಕೆಯೇ. ಎರಡನೆಯದಕ್ಕೆ ಕಾಯುವಂತಿಲ್ಲ.

ಲಕ್ಷಣ: ಅಂಕಿ ದಿಢೀರ್ ಏರಿದೆ, ಊರಲ್ಲಿ ರೋಗವಿಲ್ಲ

ಇದೂ ನಡೆಯುತ್ತದೆ. ಸಾಮಾನ್ಯ ಕಾರಣಗಳು ನಾಲ್ಕು: ಬಾಕಿ ಉಳಿದ ಎರಡು ವಾರದ ನಮೂದನ್ನು ಒಂದೇ ದಿನ ಕೂರಿಸಿದ್ದು, ಒಬ್ಬನೇ ರೋಗಿ ಉಪಕೇಂದ್ರ, ಪ್ರಾಥಮಿಕ ಕೇಂದ್ರ, ತಾಲ್ಲೂಕು ಆಸ್ಪತ್ರೆ ಮೂರರಲ್ಲೂ ಎಣಿಕೆಯಾದದ್ದು, ಆರೋಗ್ಯ ಶಿಬಿರ ನಡೆದದ್ದು, ಪರೀಕ್ಷೆಯ ವಿಧಾನ ಬದಲಾದದ್ದು. ಶುರುವಾದ ದಿನದ ಪ್ರಕಾರ ಮತ್ತೆ ಜೋಡಿಸಿ ನೋಡಿ. ನಮೂದಿಸಿದ ದಿನದ ಶಿಖರ ಕರಗಿ ಸಪಾಟಾದರೆ ಅದು ಕಾಗದದ ಏರಿಕೆ.

ಟೈಫಾಯ್ಡ್ ಅಂಕಿಯಲ್ಲಿ ಈ ತೊಂದರೆ ಹೆಚ್ಚು. ವಿಡಾಲ್ ಎಂಬ ರಕ್ತ ಪರೀಕ್ಷೆ ಒಂದು ಸಲ ಪಾಸಿಟಿವ್ ಬಂದ ಮಾತ್ರಕ್ಕೆ ಟೈಫಾಯ್ಡ್ ಎನ್ನಲಾಗದು, ಹಿಂದೆ ಬಂದುಹೋದ ಸೋಂಕಿಗೂ ಲಸಿಕೆಗೂ ಅದು ಪಾಸಿಟಿವ್ ಬರುತ್ತದೆ. ಜ್ವರದ ಮೊದಲ ವಾರದಲ್ಲಿ, ಆ್ಯಂಟಿಬಯಾಟಿಕ್ ಕೊಡುವ ಮುಂಚೆ ರಕ್ತದ ಕಲ್ಚರ್ (ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿದರೆ ಮಾತ್ರ ಅಂಕಿಗೆ ಬೆಲೆ.

ಲಕ್ಷಣ: ಒಂದೇ ಊಟ ಮಾಡಿದವರು ಒಟ್ಟಿಗೆ ಬಿದ್ದಿದ್ದಾರೆ

ಗಂಟೆ ಇಲ್ಲಿ ಅರ್ಧ ಉತ್ತರ ಕೊಡುತ್ತದೆ. ಊಟದ ಹೊತ್ತಿನಿಂದ ಮೊದಲ ವಾಂತಿಯವರೆಗಿನ ಅಂತರ ಲೆಕ್ಕ ಹಾಕಿ, ಎಲ್ಲರ ಅಂತರವನ್ನು ಏರುಕ್ರಮದಲ್ಲಿ ಬರೆದು ನಡುವಿನದನ್ನು ಹಿಡಿಯಿರಿ.

ಕೆಲವೇ ನಿಮಿಷದಿಂದ ಒಂದು ಗಂಟೆಯೊಳಗೆ ಬಾಯಲ್ಲಿ ಜೊಲ್ಲು, ಬೆವರು, ಮಾಂಸಖಂಡದ ಅದುರು, ಕಣ್ಣಿನ ಪಾಪೆ ಗುಂಡುಸೂಜಿ ತಲೆಯಷ್ಟು ಕಿರಿದಾಗಿದ್ದರೆ ಅದು ಕೀಟನಾಶಕ. ರೋಗಾಣುವಿನ ವಿಚಾರ ಬಿಟ್ಟು ಕೂಡಲೇ ಅಟ್ರೋಪಿನ್ (ಆ ವಿಷಕ್ಕೆ ಮದ್ದು) ಮತ್ತು ವೆಂಟಿಲೇಟರ್ ಇರುವ ಆಸ್ಪತ್ರೆಗೆ ಸಾಗಿಸಿ, ಪೊಲೀಸರಿಗೆ ತಿಳಿಸಿ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮ ದೇಗುಲದಲ್ಲಿ ಪ್ರಸಾದಕ್ಕೆ ವಿಷ ಬೆರೆತು 17 ಮಂದಿ ಸತ್ತರು. ಅಂತಹ ಹೊತ್ತಿನಲ್ಲಿ ‘ಫುಡ್ ಪಾಯಿಸನ್’ ಎಂದು ಬರೆದು ಸಲೈನ್ ಹಚ್ಚಿ ಕೂತರೆ ಜೀವ ಹೋಗುತ್ತದೆ. ಆದ್ದರಿಂದ ಗುಂಪಾಗಿ ಬಂದ ಪ್ರತಿ ವಾಂತಿ ಪ್ರಕರಣದಲ್ಲೂ ಮೊದಲು ಪಾಪೆ ನೋಡಿ, ಟಾರ್ಚ್ ಸಾಕು.

ಒಂದರಿಂದ ಆರು ಗಂಟೆಯೊಳಗೆ ಜೋರು ವಾಂತಿ, ಜ್ವರವಿಲ್ಲ: ಆಹಾರದಲ್ಲಿ ಮೊದಲೇ ತಯಾರಾಗಿದ್ದ ವಿಷ. ಅನ್ನದ ತಿಂಡಿಯಾದರೆ ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾ, ಹಾಲಿನ ಸಿಹಿ, ಪನೀರ್, ಕೈಯಿಂದ ಹೆಚ್ಚು ಮುಟ್ಟಿದ ತಿನಿಸಾದರೆ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಶಂಕೆ ಮೊದಲು. ಅಡುಗೆಯವರ ಕೈಬೆರಳು ನೋಡಿ, ಕೀವುಗುಳ್ಳೆ, ಉಗುರುಸುತ್ತು, ಬಟ್ಟೆ ಸುತ್ತಿದ ಗಾಯ ಇದೆಯೇ ಎಂದು.

ಎಂಟರಿಂದ ಹದಿನಾರು ಗಂಟೆಗೆ ಹೊಟ್ಟೆ ಹಿಂಡಿ ಭೇದಿ, ವಾಂತಿ ಕಡಿಮೆ, ಜ್ವರ ಇಲ್ಲವೇ ಇಲ್ಲ, ಒಂದು ದಿನದಲ್ಲಿ ಸುಧಾರಣೆ: ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಬೀಗರೂಟಕ್ಕೆ ಹಿಂದಿನ ರಾತ್ರಿಯೇ ಬೇಯಿಸಿ ದೊಡ್ಡ ಡೇಕ್ಸಾದಲ್ಲಿ ಮುಚ್ಚಿಟ್ಟ ಮಟನ್ ಸಾರು ಇದರ ಮಾಮೂಲಿ ಜಾಗ. ಬೇಯಿಸುವಾಗ ಬದುಕುಳಿದ ಬೀಜಕಣಗಳು ಸಾರು ನಿಧಾನ ಆರುವಾಗ ಮೊಳೆಯುತ್ತವೆ. ಡೇಕ್ಸಾ ದೊಡ್ಡದಾದಷ್ಟೂ ನಡುವಿನ ಬಿಸಿ ಹೆಚ್ಚು ಹೊತ್ತು ಉಗುರುಬೆಚ್ಚಗೆ ನಿಲ್ಲುತ್ತದೆ.

ಹನ್ನೆರಡರಿಂದ ಮೂವತ್ತಾರು ಗಂಟೆಗೆ ಜ್ವರ, ಭೇದಿ, ಮೈಕೈ ನೋವು: ಸಾಲ್ಮೊನೆಲ್ಲಾ, ಮೊಟ್ಟೆ, ಕೋಳಿಯ ಕಡೆ ನೋಡಿ. ಒಂದರಿಂದ ಮೂರು ದಿನಕ್ಕೆ ಜ್ವರ ಮತ್ತು ರಕ್ತ ಬೆರೆತ ಆಮಶಂಕೆಯಾದರೆ ಶಿಗೆಲ್ಲಾ. ಹನ್ನೆರಡರಿಂದ ನಲವತ್ತೆಂಟು ಗಂಟೆಗೆ ವಾಂತಿ ಶುರುವಾಗಿ, ಉಣ್ಣದ ರೂಂಮೇಟುಗಳಿಗೂ ಮರುದಿನ ಹಬ್ಬಿದರೆ ನೋರೋವೈರಸ್.

ಯಾವ ಪದಾರ್ಥ ಎಂಬುದಕ್ಕೆ ಲೆಕ್ಕ ಮಾಡಬೇಕು. ಇಲ್ಲಿ ಎಲ್ಲರೂ ಮಾಡುವ ತಪ್ಪು ರೋಗಿಗಳನ್ನು ಮಾತ್ರ ಕೇಳುವುದು. ಆರೋಗ್ಯವಾಗಿರುವವರನ್ನೂ ಅದೇ ಪ್ರಶ್ನೆಗಳೊಂದಿಗೆ ಕೇಳದೆ ಉತ್ತರ ಸಿಗದು. ವಿಧಾನ ತೋರಿಸಲು ಒಂದು ಲೆಕ್ಕ ಹಾಕೋಣ: ಹಾಸ್ಟೆಲಿನಲ್ಲಿ 120 ಮಕ್ಕಳು, 48 ಮಂದಿಗೆ ವಾಂತಿ. ಬೆಳಿಗ್ಗೆ ಚಿತ್ರಾನ್ನ ತಿಂದವರು 70, ಅವರಲ್ಲಿ ಕಾಯಿಲೆ ಬಿದ್ದವರು 42, ಅಂದರೆ ಶೇ 60. ತಿನ್ನದವರು 50, ಬಿದ್ದವರು 6, ಶೇ 12. ಅರುವತ್ತನ್ನು ಹನ್ನೆರಡರಿಂದ ಭಾಗಿಸಿದರೆ 5. ಅದೇ ದಿನದ ಬೀನ್ಸ್ ಪಲ್ಯ ತಿಂದವರು 100, ಬಿದ್ದವರು 41, ಶೇ 41. ತಿನ್ನದವರು 20, ಬಿದ್ದವರು 7, ಶೇ 35. ಭಾಗಿಸಿದರೆ ಸುಮಾರು 1.2. ರೋಗಿಗಳಲ್ಲಿ ‘ಏನು ತಿಂದಿರಿ’ ಎಂದು ಮಾತ್ರ ಕೇಳಿದ್ದರೆ 41 ಮಂದಿ ಪಲ್ಯ, 42 ಮಂದಿ ಚಿತ್ರಾನ್ನ ಎನ್ನುತ್ತಿದ್ದರು, ಎರಡರ ಮೇಲೂ ಸಮ ಸಂಶಯ ಬರುತ್ತಿತ್ತು. ಐದು ಎಂಬ ಅಂಕಿ ಚಿತ್ರಾನ್ನದ ಕಡೆ ಬೆರಳು ಮಾಡುತ್ತದೆ. ತಿನ್ನದೆಯೂ ಬಿದ್ದ ಆರು ಮಂದಿಯನ್ನು ಬಿಡಬೇಡಿ, ಕೂರಿಸಿ ಇನ್ನೊಮ್ಮೆ ಕೇಳಿ. ಗೆಳೆಯನ ತಟ್ಟೆಯಿಂದ ಒಂದು ತುತ್ತು, ಬಾಣಲೆಯ ಅದೇ ಸೌಟಿನಲ್ಲಿ ಬಡಿಸಿದ ಬೇರೆ ಪದಾರ್ಥ, ಹೀಗೆ ಏನಾದರೂ ಹೊರಬರುತ್ತದೆ.

ಆಮೇಲೆ ಅಡುಗೆಮನೆಗೆ ಹೋಗಿ ಚಿತ್ರಾನ್ನದ ಅನ್ನ ಎಷ್ಟು ಹೊತ್ತಿಗೆ ಬೆಂದಿತು, ಎಲ್ಲಿ ಇತ್ತು, ಎಷ್ಟು ಹೊತ್ತಿಗೆ ಒಗ್ಗರಣೆಗೆ ಬಿತ್ತು ಎಂದು ಗಂಟೆ ಹಿಡಿದು ಬರೆಯಿರಿ. ರಾತ್ರಿ ಉಳಿದ ಅನ್ನ ಪಾತ್ರೆಯಲ್ಲೇ ಬೆಳಗಿನವರೆಗೆ ಇದ್ದರೆ ಅದು 60 ಮತ್ತು 5 ಡಿಗ್ರಿಯ ನಡುವೆ ಏಳೆಂಟು ಗಂಟೆ ಕಳೆದಂತೆ. ಬ್ಯಾಸಿಲಸ್ ಸಿರಿಯಸ್‌ನ ವಾಂತಿ ತರಿಸುವ ವಿಷ ಒಗ್ಗರಣೆಯ ಬಿಸಿಗೆ ಕೆಡುವುದಿಲ್ಲ. ‘ಚೆನ್ನಾಗಿ ಬಿಸಿ ಮಾಡಿಯೇ ಬಡಿಸಿದೆವು’ ಎಂಬ ಅಡುಗೆಯವರ ಮಾತು ನಿಜವೇ ಇರಬಹುದು, ಆದರೂ ರೋಗ ಬರುತ್ತದೆ. ಅವರನ್ನು ಗದರಿಸಿದರೆ ಮರುದಿನ ಯಾರೂ ನಿಜ ಹೇಳುವುದಿಲ್ಲ, ತನಿಖೆ ಅಲ್ಲಿಗೇ ಮುಗಿಯುತ್ತದೆ.

ಉಳಿದ ಆಹಾರವನ್ನು ಪಾತ್ರೆ ತೊಳೆಯುವ ಮುಂಚೆ ಹಿಡಿಯಬೇಕು. ಪದಾರ್ಥಕ್ಕೆ ಸುಮಾರು 200 ಗ್ರಾಂ, ಸ್ಟೆರೈಲ್ ಡಬ್ಬಿಯಲ್ಲಿ, ಬೇರೆ ಬೇರೆ ಸೌಟಿನಿಂದ, ಐಸ್‌ಪ್ಯಾಕಿನ ನಡುವೆ ಇಡಿ. ಫ್ರೀಜರಿಗೆ ಹಾಕಬೇಡಿ, ಕ್ಲಾಸ್ಟ್ರಿಡಿಯಂ ಹೆಪ್ಪುಗಟ್ಟಿದರೆ ಸತ್ತು ಪರೀಕ್ಷೆಗೆ ಸಿಗದೆ ಹೋಗುತ್ತದೆ. ಆಹಾರ ಸುರಕ್ಷತಾ ಅಧಿಕಾರಿಯನ್ನು ಜೊತೆಗೇ ಕರೆಸಿ, ಕಾನೂನು ಕ್ರಮಕ್ಕೆ ಬೇಕಾದ ಮಾದರಿ ಅವರೇ ತೆಗೆಯಬೇಕು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 35ನೇ ಕಲಮು ವೈದ್ಯರು ಆಹಾರ ವಿಷಬಾಧೆಯನ್ನು ತಿಳಿಸುವ ಬಗ್ಗೆಯೇ ಇದೆ. ಹಾಸ್ಟೆಲುಗಳಲ್ಲಿ ಪ್ರತಿ ಊಟದ ಒಂದೊಂದು ಡಬ್ಬಿಯನ್ನು ಫ್ರಿಜ್‌ನಲ್ಲಿ ಎರಡು ದಿನ ಇಟ್ಟು ಆಮೇಲೆ ಚೆಲ್ಲುವ ಅಭ್ಯಾಸ ಮಾಡಿಕೊಂಡರೆ ಈ ಓಟವೇ ತಪ್ಪುತ್ತದೆ.

ಲಕ್ಷಣ: ಒಂದೇ ಊಟವಿಲ್ಲ, ಒಂದೇ ಭಾಗದ ಜನ ಬೀಳುತ್ತಿದ್ದಾರೆ

ಊರಿನ ಕೈನಕ್ಷೆ ಬರೆದು ರೋಗಿಗಳ ಮನೆಗೆ ಚುಕ್ಕೆ ಇಡಿ. ಅದರ ಮೇಲೆಯೇ ನೀರಿನ ಪೈಪು, ವಾಲ್ವ್, ಚರಂಡಿ ದಾಟುವ ಜಾಗ, ಓವರ್‌ಹೆಡ್ ಟ್ಯಾಂಕ್, ತೊಂಬೆ ಗುರುತಿಸಿ. ಪೈಪಿನ ನಕ್ಷೆ ಕಚೇರಿಯಲ್ಲಿ ಇದ್ದರೂ ನೀರುಗಂಟಿಯನ್ನೇ ಕೂರಿಸಿಕೊಂಡು ಬರೆಯಿರಿ. ಯಾವ ವಾಲ್ವ್ ತಿರುಗಿಸಿದರೆ ಯಾವ ಓಣಿಗೆ ನೀರು ಎಂಬುದು ಅವನಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿರುವುದಿಲ್ಲ. ಚುಕ್ಕೆಗಳೆಲ್ಲ ಒಂದೇ ವಾಲ್ವಿನ ಕೆಳಗೆ ಬಂದರೆ ದೋಷ ಆ ವಾಲ್ವಿನ ಆಚೆ. ಇಡೀ ಊರಿಗೆ ಹರಡಿದ್ದರೆ ಟ್ಯಾಂಕ್ ಅಥವಾ ನೀರಿನ ಮೂಲ.

ಬಳಿಕ ಕ್ಲೋರಿನ್ ಹಿಡಿದು ಅರ್ಧರ್ಧ ಮಾಡುತ್ತ ಹೋಗಿ. ಟ್ಯಾಂಕಿನ ಬುಡದ ನಲ್ಲಿ, ಪೈಪಿನ ನಡುಭಾಗದ ಒಂದು ಮನೆ, ತುದಿಯ ಕೊನೆಯ ಮನೆ, ಈ ಮೂರರಲ್ಲಿ ಉಳಿಕೆ ಕ್ಲೋರಿನ್ (ರೋಗಾಣು ಕೊಂದ ಮೇಲೂ ನೀರಿನಲ್ಲಿ ಮಿಕ್ಕ ಕ್ಲೋರಿನ್) ನೋಡಿ. ಸಾಮಾನ್ಯ ದಿನಗಳಲ್ಲಿ ಕೊನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ, ರೋಗ ಹಬ್ಬಿದಾಗ 0.5 ಇರಬೇಕು. ಬುಡದಲ್ಲಿ 0.5, ನಡುವೆ 0.5, ತುದಿಯಲ್ಲಿ ಸೊನ್ನೆ ಬಂದರೆ ನಡುವಿನಿಂದ ತುದಿಯ ನಡುವೆ ಹೊರಗಿನ ಕೊಳೆ ಕ್ಲೋರಿನ್ ತಿನ್ನುತ್ತಿದೆ. ಆ ತುಂಡನ್ನು ಮತ್ತೆ ಎರಡು ಮಾಡಿ ನೋಡಿ. ನಾಲ್ಕೈದು ಮನೆಯ ಅಂತರಕ್ಕೆ ಬಂದ ಮೇಲೆ ಪೈಪಿನ ಗುಂಟ ನಡೆಯಿರಿ.

ಓದುವಾಗ ಒಂದು ಎಚ್ಚರ. ಕ್ಲೋರಿನ್ ಇದ್ದರೆ ನೀರನ್ನು ಹಳದಿಯಾಗಿಸುವ ಆರ್ಥೋಟಾಲಿಡಿನ್ ದ್ರಾವಣ ಹಾಕಿದರೆ ಮೊದಲ ಹತ್ತು ಸೆಕೆಂಡಿನಲ್ಲಿ ಬರುವ ಹಳದಿಯೇ ಕೆಲಸಕ್ಕೆ ಬರುವ ಮುಕ್ತ ಕ್ಲೋರಿನ್. ಕಾಲು ಗಂಟೆ ಬಿಟ್ಟು ನೋಡಿದರೆ ಕೊಳೆಯ ಜೊತೆ ಸೇರಿ ಬಲ ಕಳೆದುಕೊಂಡ ಕ್ಲೋರಿನ್ನೂ ಬಣ್ಣ ಕೊಡುತ್ತದೆ, ಕೆಟ್ಟ ನೀರು ಒಳ್ಳೆಯದಾಗಿ ಕಾಣುತ್ತದೆ. ಕ್ಲೋರಿನ್ ಪರೀಕ್ಷೆಯ ಡಿಪಿಡಿ ಮಾತ್ರೆ ಸಿಕ್ಕರೆ ಅದನ್ನೇ ಬಳಸಿ. ಆರ್ಥೋಟಾಲಿಡಿನ್ ಕೈಗೆ ತಾಗದಿರಲಿ, ಪರೀಕ್ಷಿಸಿದ ನೀರನ್ನು ದನಕರು ಕುಡಿಯುವ ಕಡೆ ಚೆಲ್ಲಬೇಡಿ.

ಪೈಪಿನ ಗುಂಟ ನಡೆಯುವಾಗ ಹುಡುಕಬೇಕಾದವು:

ನಲ್ಲಿಗುಂಡಿ. ಒತ್ತಡ ಕಡಿಮೆಯಿರುವ ಕಡೆ ಮನೆಯವರು ನೆಲ ಅಗೆದು, ಎರಡು-ಮೂರು ಅಡಿ ಕೆಳಗೆ ಪೈಪ್ ಕತ್ತರಿಸಿ ಕೊಡ ಇಡುತ್ತಾರೆ. ಗುಂಡಿಯಲ್ಲಿ ಬಚ್ಚಲ ನೀರು ನಿಲ್ಲುತ್ತದೆ. ನೀರು ಬಿಟ್ಟಾಗ ಹೊರಗೆ ಹರಿಯುವ ಪೈಪು, ನೀರು ನಿಲ್ಲಿಸಿದ ಕೂಡಲೇ ಒಳಗೆ ಎಳೆದುಕೊಳ್ಳುತ್ತದೆ. ಮರುದಿನ ಅದೇ ಕೊಳೆ ಮೊದಲ ಕೊಡದಲ್ಲಿ ಮುಂದಿನ ಮನೆಗೆ ಹೋಗುತ್ತದೆ. ಒಬ್ಬರ ಗುಂಡಿಯಿಂದ ಹತ್ತು ಮನೆಗೆ ರೋಗ. ಬಾಯಿಗೆ ಮುಚ್ಚಳ ಹಾಕಿಸುವುದು ಅಂದಿನ ಪರಿಹಾರ, ನೆಲದ ಮಟ್ಟಕ್ಕಿಂತ ಮೇಲೆ ನಲ್ಲಿ ಎತ್ತುವಷ್ಟು ಒತ್ತಡ ಕೊಡುವುದು ನಿಜವಾದ ದುರಸ್ತಿ. ಒತ್ತಡ ಕೊಡದೆ ಗುಂಡಿ ಮುಚ್ಚಿಸಿದರೆ ವಾರದಲ್ಲಿ ಮತ್ತೆ ಅಗೆಯುತ್ತಾರೆ, ಅವರಿಗೂ ನೀರು ಬೇಕಲ್ಲ.

ನೇರ ಮೋಟಾರ್. ಮನೆಯ ಸಂಪರ್ಕಕ್ಕೆ ಮೋಟಾರ್ ಹಚ್ಚಿ ಎಳೆದರೆ ಪೈಪಿನೊಳಗೆ ನಿರ್ವಾತವಾಗಿ ಸಣ್ಣ ಬಿರುಕಿನಿಂದಲೂ ಚರಂಡಿ ನೀರು ಒಳಬರುತ್ತದೆ.

ಚರಂಡಿಯೊಳಗೆ ಹಾದ ಮನೆ ಸಂಪರ್ಕ. ಕೂಡುಗಟ್ಟಿನಲ್ಲಿ ಸೈಕಲ್ ಟ್ಯೂಬ್ ಸುತ್ತಿದ್ದು ಕಂಡರೆ ಅಲ್ಲಿ ಸೋರಿಕೆ ಇದೆಯೆಂದೇ ತಿಳಿಯಿರಿ. ಸಿಸಿ ರಸ್ತೆ, ಚರಂಡಿ ಕಾಮಗಾರಿ, ಕೇಬಲ್ ಅಗೆತ ಇತ್ತೀಚೆಗೆ ನಡೆದಿದೆಯೇ ಎಂದು ಕೇಳಿ. ಜೆಸಿಬಿ ತಾಗಿ ಒಡೆದ ಪೈಪನ್ನು ಅರೆಬರೆ ಮುಚ್ಚಿ ಮಣ್ಣು ಎಳೆದದ್ದು ಎಷ್ಟೋ ಊರುಗಳ ಕಥೆ.

ವಾಲ್ವ್ ಗುಂಡಿ ಮತ್ತು ಏರ್ ವಾಲ್ವ್. ಗುಂಡಿಯಲ್ಲಿ ಕೊಳಚೆ ನಿಂತು ಏರ್ ವಾಲ್ವ್ ಮುಳುಗಿದ್ದರೆ, ಪೈಪ್ ಖಾಲಿಯಾಗುವಾಗ ಗಾಳಿಯ ಬದಲು ಕೊಳಚೆಯೇ ಒಳಹೋಗುತ್ತದೆ.

ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣಾಂಶ ಅಳೆಯುವ ಸಾಧನ) ಇದ್ದರೆ ಬಳಸಿ. ಒಂದೇ ಟ್ಯಾಂಕಿನ ನೀರು ಬುಡದಲ್ಲೂ ತುದಿಯಲ್ಲೂ ಒಂದೇ ಅಂಕಿ ತೋರಿಸಬೇಕು. ತುದಿಯಲ್ಲಿ ಎದ್ದು ಕಾಣುವಷ್ಟು ವ್ಯತ್ಯಾಸ ಬಂದರೆ ಬೇರೆ ನೀರು ಬೆರೆತಿದೆ.

ಲಕ್ಷಣ: ನೀರಿನ ವರದಿ ‘ಕುಡಿಯಲು ಯೋಗ್ಯ’, ಭೇದಿ ನಿಂತಿಲ್ಲ

ಮಾದರಿ ಯಾವಾಗ ತೆಗೆದರು ಕೇಳಿ. ದಿನಕ್ಕೆ ಒಂದು ಗಂಟೆಯೋ ಮೂರು ದಿನಕ್ಕೊಮ್ಮೆಯೋ ನೀರು ಬಿಡುವ ಊರಲ್ಲಿ ಕೊಳೆ ಇರುವುದು ಮೊದಲ ಕೆಲವು ನಿಮಿಷದ ನೀರಿನಲ್ಲಿ. ನಲ್ಲಿಯನ್ನು ಎರಡು ನಿಮಿಷ ಹರಿಯಬಿಟ್ಟು ಮಾದರಿ ತೆಗೆಯುವ ನಿಯಮ ನಿತ್ಯದ ತಪಾಸಣೆಗೆ ಸರಿ. ತನಿಖೆಗೆ ಎರಡು ಬಾಟಲಿ ಬೇಕು: ನೀರು ಬಂದ ಕ್ಷಣದ್ದು ಒಂದು, ಹತ್ತು ನಿಮಿಷದ ನಂತರದ್ದು ಒಂದು. ಮೊದಲನೆಯದು ಕೆಟ್ಟು ಎರಡನೆಯದು ಸರಿಯಿದ್ದರೆ ಪೈಪಿನಲ್ಲಿ ಹೀರಿಕೆ ಇದೆ ಎಂಬುದು ಖಾತ್ರಿ.

ಬಾಟಲಿಯಲ್ಲಿ ಥಯೋಸಲ್ಫೇಟ್ ಇತ್ತೇ? ಇಲ್ಲದಿದ್ದರೆ ದಾರಿಯುದ್ದಕ್ಕೂ ಕ್ಲೋರಿನ್ ರೋಗಾಣು ಕೊಲ್ಲುತ್ತಾ ಹೋಗಿ, ಲ್ಯಾಬ್‌ನಲ್ಲಿ ಸ್ವಚ್ಛ ನೀರು ಸಿಗುತ್ತದೆ. ಪೌಡರ್ ಸುರಿದ ಮೇಲೆ ತೆಗೆದ ಮಾದರಿಯೂ ಅಷ್ಟೇ. ಟ್ಯಾಂಕಿಗೆ ಪೌಡರ್ ಹಾಕುವವರನ್ನು ಐದು ನಿಮಿಷ ತಡೆದು ಮಾದರಿ ತುಂಬಿಕೊಳ್ಳಿ. ಬಾಟಲಿಯನ್ನು ಕುತ್ತಿಗೆಯವರೆಗೆ ತುಂಬಿಸದೆ ಸ್ವಲ್ಪ ಜಾಗ ಬಿಡಿ, ತಣ್ಣಗೆ ಇಟ್ಟು 24 ಗಂಟೆಯೊಳಗೆ ಲ್ಯಾಬ್ ತಲುಪಿಸಿ, ಆರು ಗಂಟೆಯೊಳಗಾದರೆ ಇನ್ನೂ ಒಳ್ಳೆಯದು. ಹಳ್ಳಿಯಲ್ಲಿ ಸಿಗುವ ಎಚ್‌2ಎಸ್ ಬಾಟಲಿ 24ರಿಂದ 48 ಗಂಟೆಯಲ್ಲಿ ಕಪ್ಪಾದರೆ ಮಲದ ಕಲ್ಮಶದ ಸಂಶಯ ಬಲವಾಯಿತು ಎಂದರ್ಥ, ಕಾಲರಾ ಇದೆಯೇ ಇಲ್ಲವೇ ಎಂದು ಅದು ಹೇಳುವುದಿಲ್ಲ.

‘ನಾವು ಫಿಲ್ಟರ್ ನೀರೇ ಕುಡಿಯುವುದು’ ಎನ್ನುವವರೂ ಬಿದ್ದಿದ್ದರೆ ಗೊಂದಲವಾಗಬೇಡಿ. ಶುದ್ಧ ನೀರಿನ ಘಟಕದ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಕಾರ್ಬನ್ ಫಿಲ್ಟರ್ ಅದನ್ನು ತೆಗೆದುಬಿಡುತ್ತದೆ. ತೊಳೆಯದ ಇಪ್ಪತ್ತು ಲೀಟರ್ ಕ್ಯಾನ್, ಲೋಟ ಅದ್ದುವ ಕೈ ಸಾಕು ಮತ್ತೆ ಕೆಡಲು. ಹಲ್ಲುಜ್ಜಲು, ಸೊಪ್ಪು ತೊಳೆಯಲು, ಮಜ್ಜಿಗೆ ಮಾಡಲು ಬಳಸಿದ್ದು ಯಾವ ನೀರು ಎಂದೂ ಕೇಳಿ.

ಲಕ್ಷಣ: ಪೌಡರ್ ಹಾಕಿದರೂ ನಲ್ಲಿಯಲ್ಲಿ ಕ್ಲೋರಿನ್ ಇಲ್ಲ

ಲೆಕ್ಕದಿಂದ ಶುರುಮಾಡಿ. 50,000 ಲೀಟರ್ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಕೊಡಬೇಕೆಂದರೆ ಬೇಕಾದ ಶುದ್ಧ ಕ್ಲೋರಿನ್ 100 ಗ್ರಾಂ. ಪೌಡರಿನಲ್ಲಿ ಕ್ಲೋರಿನ್ ಶೇ 25 ಇದ್ದರೆ 400 ಗ್ರಾಂ ಪೌಡರ್. ಹೊಸ ಪೌಡರಿನಲ್ಲಿ ಶೇ 33ರವರೆಗೆ ಇರುತ್ತದೆ, ಬಾಯಿ ಬಿಚ್ಚಿದ ಚೀಲದಲ್ಲಿ, ತೇವದಲ್ಲಿ, ಬಿಸಿಲಲ್ಲಿ ಬೇಗ ಇಳಿಯುತ್ತದೆ. ಗಂಟುಗಟ್ಟಿ ವಾಸನೆ ಹೋದ ಪೌಡರ್ ಬರೀ ಸುಣ್ಣ. ಲೆಕ್ಕದಂತೆ ಹಾಕಿಯೂ ಟ್ಯಾಂಕಿನಲ್ಲೇ ಕ್ಲೋರಿನ್ ಕಾಣದಿದ್ದರೆ ಮೊದಲ ಸಂಶಯ ಚೀಲದ ಮೇಲೆ, ಎರಡನೆಯದು ಟ್ಯಾಂಕಿನ ತಳದ ಕೆಸರಿನ ಮೇಲೆ. ಕೆಸರು ಕ್ಲೋರಿನ್ ನುಂಗುತ್ತದೆ. ತೊಳೆಯದ ಟ್ಯಾಂಕಿಗೆ ಪ್ರಮಾಣ ಹೆಚ್ಚಿಸುತ್ತಾ ಹೋಗುವುದರಿಂದ ಪ್ರಯೋಜನವಿಲ್ಲ.

ಪೌಡರನ್ನು ನೇರ ಟ್ಯಾಂಕಿಗೆ ಸುರಿಯಬಾರದು. ಬಕೆಟಿಗೆ 100 ಗ್ರಾಂ ಮೀರದಂತೆ ಹಾಕಿ, ಮೊದಲು ಸ್ವಲ್ಪ ನೀರಿನಲ್ಲಿ ಕಲಸಿ, ಬಕೆಟ್ ಮುಕ್ಕಾಲು ತುಂಬಿಸಿ ಕಲಕಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂತ ಮೇಲೆ ತಿಳಿನೀರನ್ನು ಮಾತ್ರ ಟ್ಯಾಂಕಿಗೆ ಹಾಕಿ. ನೀರು ತುಂಬುತ್ತಿರುವಾಗಲೇ ಹಾಕಿದರೆ ಚೆನ್ನಾಗಿ ಬೆರೆಯುತ್ತದೆ. ಕನಿಷ್ಠ ಅರ್ಧ ಗಂಟೆ ಕಳೆಯದೆ ವಾಲ್ವ್ ತೆರೆಯಬಾರದು. ನೀರು ಮಬ್ಬಾಗಿದ್ದರೆ ಕ್ಲೋರಿನ್ ಕಣಗಳೊಳಗಿನ ರೋಗಾಣುವಿಗೆ ತಲುಪುವುದಿಲ್ಲ, ಮೊದಲು ತಿಳಿಯಾಗಬೇಕು. ಟ್ಯಾಂಕರ್ ನೀರು ತರಿಸುತ್ತಿದ್ದರೆ ತುಂಬುವಾಗ ಲೀಟರಿಗೆ 2 ಮಿಲಿಗ್ರಾಂ ಇರಲಿ.

ತೆರೆದ ಬಾವಿಗೆ: ವ್ಯಾಸದ ವರ್ಗವನ್ನು ನೀರಿನ ಆಳದಿಂದ ಗುಣಿಸಿ, ಎರಡೂ ಮೀಟರಿನಲ್ಲಿ, 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಮಾಮೂಲಿ ದಿನಗಳಲ್ಲಿ ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಪೌಡರ್. ಒಂದು ಗಂಟೆ ಯಾರೂ ಸೇದಬಾರದು, ರಾತ್ರಿ ಹಾಕುವುದೇ ಅನುಕೂಲ.

ಲಕ್ಷಣ: ಲ್ಯಾಬ್‌ನಲ್ಲಿ ಏನೂ ಬೆಳೆಯಲಿಲ್ಲ

ರೋಗಾಣು ಇರಲಿಲ್ಲ ಎಂದು ತೀರ್ಮಾನಿಸುವ ಮುಂಚೆ ದಾರಿ ನೋಡಿ. ಮಾತ್ರೆ ನುಂಗಿದ ಮೇಲೆ ತೆಗೆದ ಮಾದರಿಯೇ, ಸ್ವ್ಯಾಬ್ ಒಣಗಿತ್ತೇ, ಲೇಬಲ್ ಅಳಿಸಿತ್ತೇ, ಶನಿವಾರ ಕಳಿಸಿ ಸೋಮವಾರ ತೆರೆದರೇ? ಕಾಲರಾ ರೋಗಾಣು ಕ್ಯಾರಿ-ಬ್ಲೇರ್‌ನಲ್ಲಿ ಕೋಣೆಯ ತಾಪದಲ್ಲೇ ಬದುಕುತ್ತದೆ, ಐಸ್ ಬೇಡ. ಶಿಗೆಲ್ಲಾಗೆ ತಂಪು ಬೇಕು. ಯಾವುದೆಂದು ತಿಳಿಯದಾಗ ಪ್ರತಿ ರೋಗಿಯಿಂದ ಎರಡು ಸ್ವ್ಯಾಬ್ ತೆಗೆದು ಒಂದನ್ನು ಹೊರಗೆ, ಒಂದನ್ನು ತಂಪಿನಲ್ಲಿ ಕಳಿಸಿ. ವೈರಸ್ ಪರೀಕ್ಷೆಗೆ ಮಾಧ್ಯಮವಿಲ್ಲದ ಮಲವೇ ಬೇಕು, ಡಬ್ಬಿಯಲ್ಲಿ, ತಣ್ಣಗೆ. ಏನನ್ನು ಸಂಶಯಿಸುತ್ತೀರಿ ಎಂದು ಕೋರಿಕೆ ಪತ್ರದಲ್ಲಿ ಬರೆಯದಿದ್ದರೆ ಲ್ಯಾಬ್‌ನವರು ಅದಕ್ಕೆ ಬೇಕಾದ ಮಾಧ್ಯಮ ಹಾಕುವುದಿಲ್ಲ.

ಲಕ್ಷಣ: ಭೇದಿಯಿಲ್ಲ, ಕಾಮಾಲೆ ಹಬ್ಬಿದೆ

ಇಲ್ಲಿ ಇಂದಿನ ನೀರು ಪರೀಕ್ಷಿಸಿ ಉತ್ತರ ಸಿಗುವುದು ಕಡಿಮೆ. ಹೆಪಟೈಟಿಸ್ ಎ ಕಾಣಿಸಿಕೊಳ್ಳಲು ಸರಾಸರಿ ನಾಲ್ಕು ವಾರ, ಹೆಪಟೈಟಿಸ್ ಇ ಐದಾರು ವಾರ ಬೇಕು. ಪಂಚಾಯಿತಿಯ ಕಾಮಗಾರಿ ಪುಸ್ತಕ, ನೀರುಗಂಟಿಯ ನೆನಪು ಹಿಡಿದು ಒಂದೂವರೆ ತಿಂಗಳು ಹಿಂದಕ್ಕೆ ಹೋಗಿ: ಪೈಪ್ ಒಡೆದದ್ದು, ಮಳೆಗೆ ಚರಂಡಿ ಉಕ್ಕಿದ್ದು, ಜಾತ್ರೆ. ಗರ್ಭಿಣಿಯರ ಪಟ್ಟಿಯನ್ನು ಅಂದೇ ತೆಗೆದು ಮನೆಗೆ ಹೋಗಿ, ಕೊನೆಯ ಮೂರು ತಿಂಗಳಲ್ಲಿ ಹೆಪಟೈಟಿಸ್ ಇ ತಾಯಿಯ ಪ್ರಾಣಕ್ಕೆ ಕುತ್ತು.

ಮುಗಿಯಿತೆಂದು ಯಾವಾಗ ಹೇಳುವುದು

ಕೊನೆಯ ರೋಗಿ ಸಿಕ್ಕ ದಿನದಿಂದ, ಆ ರೋಗದ ಅತಿ ಉದ್ದದ ಮೊಳಕೆ ಅವಧಿಯ (ಸೋಂಕು ತಗುಲಿ ಲಕ್ಷಣ ಕಾಣುವವರೆಗಿನ ಕಾಲ) ಎರಡರಷ್ಟು ದಿನ ಹೊಸ ಪ್ರಕರಣ ಬರಬಾರದು. ಕಾಲರಾಕ್ಕೆ ಅದು ಐದು ದಿನ, ಹಾಗಾಗಿ ಹತ್ತು ದಿನ ಕಾಯಬೇಕು. ಚಿಕಿತ್ಸಾ ಕೇಂದ್ರ ಮುಚ್ಚಿದರೂ ಆಶಾ ಕಾರ್ಯಕರ್ತೆಯರ ಮನೆ ಭೇಟಿ ಆ ಹತ್ತು ದಿನವೂ ನಡೆಯಲಿ.

ದುರಸ್ತಿಯಾದ ಪೈಪಿಗೆ ಕ್ಲೋರಿನ್ ನೀರು ತುಂಬಿ ನಿಲ್ಲಿಸಿ, ಹೊರಗೆ ಹರಿಯಬಿಟ್ಟು, ಆಮೇಲೆ ಕೊನೆಯ ನಲ್ಲಿಯ ಮೊದಲ ನೀರಿನ ಮಾದರಿ ತೆಗೆಯಿರಿ. 24 ಗಂಟೆಯ ಅಂತರದಲ್ಲಿ ತೆಗೆದ ಎರಡು ಮಾದರಿ ಸ್ವಚ್ಛ ಬರುವವರೆಗೆ ‘ಕುದಿಸಿ ಆರಿಸಿ ಕುಡಿಯಿರಿ’ ಎಂಬ ಡಂಗುರ ನಿಲ್ಲಿಸಬೇಡಿ, ಟ್ಯಾಂಕರನ್ನೂ ವಾಪಸ್ ಕಳಿಸಬೇಡಿ.